ಹಳೇ ಕನ್ಸೋಲ್ ಮಾರುವ ಮುಂಚೆ: ಹಳೆಯ ಗೇಮ್‌ಗಳನ್ನು ಹೊಸ ಮೆಷಿನ್ನಿಗೆ ದಾಟಿಸುವ ಪೂರ್ತಿ ದಾರಿ

ಠಾಣೆಯಲ್ಲಿರುವ ನನ್ನ ಅಕ್ಕನ ಮಗ ಹೋದ ದೀಪಾವಳಿಗೆ ಪಿಎಸ್ 5, ಅಂದರೆ ಸೋನಿಯ ಪ್ಲೇಸ್ಟೇಷನ್ 5, ಕೊಂಡ. ಅದೇ ದಿನ ತನ್ನ ಪಿಎಸ್ 4 ಅನ್ನು ಅಂಗಡಿಯೊಂದಕ್ಕೆ ಎಕ್ಸ್‌ಚೇಂಜ್‌ನಲ್ಲಿ ಕೊಟ್ಟೂ ಬಂದ. ರಾತ್ರಿ ಹನ್ನೊಂದಕ್ಕೆ ಡೊಂಬಿವಲಿಯ ನನ್ನ ಮನೆಗೆ ಫೋನು. "ಮಾಮಾ, ಡಿಸ್ಕ್ ಎಲ್ಲಾ ಓಡ್ತಿವೆ. ಆದ್ರೆ ಎಲ್ಲಾ ಗೇಮೂ ಮೊದಲಿಂದ ಶುರುವಾಗ್ತಿದೆ." ಪಿಎಸ್ 4ಕ್ಕೆ ಜೋಡಿಸಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅವನ ಹತ್ತಿರವೇ ಇತ್ತು. ಎಲ್ಲವೂ ಅದರೊಳಗೆ ಇದೆ ಎಂದು ಧೈರ್ಯವಾಗಿದ್ದ. ಗೇಮ್‌ಗಳೇನೋ ಅದರಲ್ಲಿದ್ದವು, ಆಟ ಎಲ್ಲಿಯವರೆಗೆ ಬಂದಿದೆ ಎಂದು ಬರೆದಿಡುವ ಸೇವ್ ಫೈಲ್‌ಗಳು ಮಾತ್ರ ಇರಲಿಲ್ಲ. ಪಿಎಸ್ 4ರಲ್ಲಿ ಸೇವ್ ಯಾವತ್ತೂ ಮೆಷಿನ್ನಿನ ಒಳಗಿನ ಡಿಸ್ಕ್‌ನಲ್ಲೇ ಕೂರುತ್ತದೆ, ಹೊರಗಿನ ಹಾರ್ಡ್ ಡಿಸ್ಕ್‌ಗೆ ಬರುವುದೇ ಇಲ್ಲ. ಮರುದಿನ ಬೆಳಿಗ್ಗೆ ಅಂಗಡಿಗೆ ಓಡಿದ. ಅಷ್ಟರಲ್ಲಿ ಅವರು ಮೆಷಿನ್ ಫಾರ್ಮ್ಯಾಟ್ ಮಾಡಿಯಾಗಿತ್ತು. ಐದು ವರ್ಷದ ಆಟ ಹೋಯಿತು.

ಆ ಹುಡುಗ ಅತ್ತದ್ದನ್ನು ಫೋನಿನಲ್ಲಿ ಕೇಳಿದ ಮೇಲೆ ಇದನ್ನು ಬರೆಯಲೇಬೇಕು ಅನಿಸಿತು. 'ಹಳೇ ಗೇಮ್ ಹೊಸದರಲ್ಲಿ ಓಡುತ್ತಾ?' ಎಂದು ನಾವೆಲ್ಲ ಒಂದೇ ಪ್ರಶ್ನೆ ಕೇಳುತ್ತೇವೆ. ಅದರೊಳಗೆ ಮೂರು ಪ್ರಶ್ನೆಗಳಿವೆ. ಗೇಮ್ ಓಡುತ್ತದೆಯೇ? ಸೇವ್ ಬರುತ್ತದೆಯೇ? ಗೇಮ್ ಕೊಂಡ ಅಕೌಂಟ್ ನಿಮ್ಮ ಕೈಯಲ್ಲಿದೆಯೇ? ಮೂರಕ್ಕೂ ಬೇರೆ ಬೇರೆ ದಾರಿ. ಒಂದು ಸರಿಹೋದರೆ ಉಳಿದವೂ ಸರಿಹೋದಂತೆ ಎಂದುಕೊಳ್ಳಬೇಡಿ. ಹಾಗಾಗಿ ಹೊಸ ಮೆಷಿನ್ ಬಂದ ಮೇಲೆ ಕನಿಷ್ಠ 15 ದಿನ ಹಳೆಯದು ಮನೆಯಲ್ಲೇ ಇರಲಿ. ಎಕ್ಸ್‌ಚೇಂಜ್ ಆಫರ್ ಮುಗಿದು ಸಾವಿರ ರೂಪಾಯಿ ಕಮ್ಮಿ ಬಂದರೂ ಪರವಾಗಿಲ್ಲ.

ಮೊದಲ ಹೆಜ್ಜೆ: ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ

ಮನೆಯಲ್ಲಿರುವ ಎಲ್ಲ ಗೇಮ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಮೊದಲ ಕಾಲಂನಲ್ಲಿ ಅದು ಯಾವ ಮೆಷಿನ್ನಿನ ಗೇಮ್, ಎರಡನೆಯದರಲ್ಲಿ ಡಿಸ್ಕೋ ಡಿಜಿಟಲ್ಲೋ, ಮೂರನೆಯದರಲ್ಲಿ ಯಾವ ಅಕೌಂಟ್, ನಾಲ್ಕನೆಯದರಲ್ಲಿ ಸೇವ್ ಎಲ್ಲಿದೆ. ಅಕೌಂಟ್ ಕಾಲಂ ತುಂಬಿಸುವಾಗ ಬಹಳ ಜನ ತಡವರಿಸುತ್ತಾರೆ. ಹಿಂದೆ ಯಾರೋ ಹೇಳಿದರೆಂದು ಅಮೆರಿಕದ ವಿಳಾಸ ಹಾಕಿ ಪ್ಲೇಸ್ಟೇಷನ್ ಅಕೌಂಟ್ ಮಾಡಿಕೊಂಡವರು ನನ್ನ ಪರಿಚಯದಲ್ಲೇ ನಾಲ್ಕೈದು ಮಂದಿ ಇದ್ದಾರೆ. ಆ ಅಕೌಂಟಿನ ದೇಶವನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ಅದಕ್ಕೆ ಕೊಟ್ಟ ಈಮೇಲ್ ಇವತ್ತಿಗೂ ತೆರೆಯುತ್ತದೆಯೇ, ಪಾಸ್‌ವರ್ಡ್ ನೆನಪಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಡಿಸ್ಕ್ ಯಾವ ದೇಶದ್ದು ಎನ್ನುವುದೂ ಹಾಳೆಗೆ ಬರಲಿ. ಕವರಿನ ಮೇಲೆ ಪೆಗಿ ಎಂಬ ವಯಸ್ಸಿನ ಗುರುತಿದ್ದರೆ ಅದು ಯುರೋಪಿನ ಆವೃತ್ತಿ, ಇಎಸ್‌ಆರ್‌ಬಿ ಗುರುತಿದ್ದರೆ ಅಮೆರಿಕದ್ದು. ಪಿಎಸ್ 4 ಡಿಸ್ಕ್‌ಗೆ ರೀಜನ್ ಲಾಕ್ ಇಲ್ಲ, ಎಲ್ಲಿಯದಾದರೂ ಓಡುತ್ತದೆ. ಆದರೆ ಆ ಗೇಮ್‌ಗೆ ಆಮೇಲೆ ಕೊಂಡ ಹೆಚ್ಚುವರಿ ಭಾಗಗಳು, ಅಂದರೆ ಡಿಎಲ್‌ಸಿ, ಡಿಸ್ಕ್‌ನ ರೀಜನ್‌ಗೆ ಹೊಂದುವ ಸ್ಟೋರಿನಿಂದಲೇ ಬಂದಿರಬೇಕು. ಸೇವ್ ಫೈಲಿನದೂ ಇದೇ ಕಥೆ. ಅಮೆರಿಕದ ಡಿಸ್ಕ್‌ನಲ್ಲಿ ಆಡಿದ್ದನ್ನು ಯುರೋಪಿನ ಡಿಸ್ಕ್ ಬಹಳ ಸಲ ಗುರುತಿಸುವುದಿಲ್ಲ, ಎರಡರ ಕೋಡ್ ಸಂಖ್ಯೆಯೇ ಬೇರೆ. ಗೀರು ಬಿದ್ದ ಡಿಸ್ಕ್ ಮಾರಿ ಸೆಕೆಂಡ್‌ಹ್ಯಾಂಡ್ ತರುವಾಗ ಕವರಿನ ಅಂಚಿನಲ್ಲಿ ಸಿಯುಎಸ್ಎ ಎಂದು ಶುರುವಾಗುವ ಕೋಡ್ ಹೋಲಿಸಿ ತನ್ನಿ.

ಎರಡನೆಯ ಹೆಜ್ಜೆ: ಡಿಸ್ಕ್ ಅಸಲಿಯೋ ನಕಲಿಯೋ

ಇದನ್ನು ಹೇಳಲು ಸಂಕೋಚವಿಲ್ಲ, ನಮ್ಮೂರಿನ ಚರಿತ್ರೆಯೇ ಹಾಗಿದೆ. ಪಿಎಸ್ 2 ಕಾಲದಲ್ಲಿ ಮುಂಬೈಯ ಎಷ್ಟೋ ಮನೆಗಳಿಗೆ ಬಂದದ್ದು ಚಿಪ್ ಹಾಕಿಸಿದ ಮೆಷಿನ್, ಅದರ ಜೊತೆಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನಕಲಿ ಡಿವಿಡಿಗಳು. ನಾನು ಶಾಲೆಯ ರಜೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುತ್ತಿದ್ದ ಪಾರ್ಲರ್‌ನಲ್ಲೂ ಅವೇ ಇದ್ದವು. ಈ ನಕಲಿಗಳು ಹೊಸ ಯಾವ ಮೆಷಿನ್‌ನಲ್ಲೂ ಓಡವು.

ತಿರುಗಿಸಿ ತಳಭಾಗ ನೋಡಿ. ಪಿಎಸ್ 1ರ ಅಸಲಿ ಡಿಸ್ಕ್‌ನ ತಳ ಕಪ್ಪು. ಪಿಎಸ್ 2ರಲ್ಲಿ ಸೀಡಿಯಾಗಿ ಬಂದ ಗೇಮ್‌ಗಳ ತಳ ನೀಲಿ, ಡಿವಿಡಿಯಾಗಿ ಬಂದವುಗಳದ್ದು ಬೆಳ್ಳಿ. ನೇರಳೆ ಛಾಯೆಯ ಡಿವಿಡಿ ಎಂದರೆ ಕಂಪ್ಯೂಟರ್‌ನಲ್ಲಿ ಬರೆದದ್ದು. ನಡುವಿನ ಉಂಗುರದಲ್ಲಿ ಅಚ್ಚಿನ ಕೋಡು, ಐಎಫ್‌ಪಿಐ ಎಂಬ ಸಣ್ಣ ಅಕ್ಷರಗಳು ಇಲ್ಲದಿದ್ದರೂ ಅನುಮಾನ ಪಡಬೇಕು. ನಕಲಿ ಎಂದು ಗೊತ್ತಾದವನ್ನು ಪಟ್ಟಿಯಿಂದ ಹೊಡೆದುಹಾಕಿ, ಅವುಗಳ ಹಿಂದೆ ಮತ್ತೆ ಹೊತ್ತು ಕಳೆಯಬೇಡಿ.

ಕೆಲವು ಓಡುತ್ತವೆ, ಕೆಲವು ಓಡುವುದಿಲ್ಲ: ಯಾಕೆ?

ಇದು ಅರ್ಥವಾದರೆ ಮುಂದಿನದ್ದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಪ್ರತಿ ಗೇಮೂ ಒಂದು ನಿರ್ದಿಷ್ಟ ಪ್ರಾಸೆಸರ್‌ನ ಭಾಷೆಯಲ್ಲಿ ಬರೆದಿರುತ್ತದೆ. ಹೊಸ ಮೆಷಿನ್ನಿಗೆ ಆ ಭಾಷೆ ಬಂದರೆ ಸಲೀಸು. ಬಾರದಿದ್ದರೆ ಒಳಗೆ ದುಭಾಷಿ ಬೇಕು.

2000ರಲ್ಲಿ ಬಂದ ಪಿಎಸ್ 2 ಇದನ್ನು ನೇರವಾಗಿ ಬಗೆಹರಿಸಿತು. ಅದರ ಹೊಟ್ಟೆಯಲ್ಲಿ ಪಿಎಸ್ 1ರ ಪ್ರಾಸೆಸರ್ ಇತ್ತು. ಮಾಮೂಲು ದಿನ ಅದು ಕಂಟ್ರೋಲರ್, ಮೆಮರಿ ಕಾರ್ಡ್‌ಗಳ ಕೆಲಸ ನೋಡಿಕೊಳ್ಳುತ್ತಿತ್ತು, ಪಿಎಸ್ 1ರ ಡಿಸ್ಕ್ ಹಾಕಿದಾಗ ತನ್ನ ಹಳೆಯ ಕಸುಬಿಗೆ ಮರಳುತ್ತಿತ್ತು. 2006ರ ಪಿಎಸ್ 3ಯಲ್ಲೂ ಮೊದಮೊದಲು ಇದೇ ಉಪಾಯ ಮಾಡಿದರು. ಜಪಾನ್ ಮತ್ತು ಅಮೆರಿಕದ ಮೊದಲ 20 ಜಿಬಿ, 60 ಜಿಬಿ ಮಾಡೆಲ್‌ಗಳಲ್ಲಿ ಪಿಎಸ್ 2ರ ಪ್ರಾಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಇದ್ದವು. 2007ರಲ್ಲಿ ಯುರೋಪಿಗೆ ಬಂದ 60 ಜಿಬಿಯಲ್ಲಿ ಗ್ರಾಫಿಕ್ಸ್ ಚಿಪ್ ಮಾತ್ರ ಉಳಿಯಿತು, ಪ್ರಾಸೆಸರ್‌ನ ಕೆಲಸವನ್ನು ಸಾಫ್ಟ್‌ವೇರ್‌ಗೆ ವಹಿಸಿದರು. ಅದೇ ವರ್ಷದ ಕೊನೆಗೆ ಬಂದ 40 ಜಿಬಿಯಲ್ಲಿ ಎರಡನ್ನೂ ತೆಗೆದರು. ಖರ್ಚು ಇಳಿಯಿತು, ಪಿಎಸ್ 2 ಡಿಸ್ಕ್‌ಗಳ ದಾರಿಯೂ ಅಲ್ಲಿಗೆ ಮುಚ್ಚಿತು.

ಪಿಎಸ್ 3ಯ ಸೆಲ್ ಪ್ರಾಸೆಸರ್ ಬೇರೆಯೇ ಜಾತಿಯದು. ಒಂದು ಮುಖ್ಯ ಕೋರ್, ಅದರ ಸುತ್ತ ಎಸ್‌ಪಿಇ ಎಂಬ ಸಹಾಯಕ ಘಟಕಗಳು, ಕೆಲಸವನ್ನು ಅವುಗಳಿಗೆ ಹಂಚಿ ಕೊಡುವ ಹೊಣೆ ಗೇಮ್ ಬರೆಯುವವರದು. 2013ರಲ್ಲಿ ಪಿಎಸ್ 4 ಬರುವಾಗ ಸೋನಿ ಆ ದಾರಿ ಬಿಟ್ಟು ಪಿಸಿಗಳಲ್ಲಿರುವ ಎಕ್ಸ್86 ಜಾತಿಯ ಎಎಂಡಿ ಚಿಪ್ ಹಿಡಿಯಿತು. ಪಿಎಸ್ 3 ಡಿಸ್ಕ್ ಪಿಎಸ್ 4ರಲ್ಲಿ ಓಡದಿರುವುದಕ್ಕೆ ಇದೇ ಕಾರಣ. ಪಿಎಸ್ 5ರದ್ದೂ ಎಎಂಡಿಯ ಎಂಟು ಕೋರ್‌ಗಳ ಎಕ್ಸ್86 ಚಿಪ್. ಆದ್ದರಿಂದ ಪಿಎಸ್ 4 ಗೇಮ್‌ಗಳಿಗೆ ಅದು ಅಣ್ಣನ ಮನೆ ಇದ್ದಂತೆ.

ಪಿಎಸ್ 4ರಿಂದ ಪಿಎಸ್ 5ಕ್ಕೆ

ಭಾರತದಲ್ಲಿ 2021ರ ಫೆಬ್ರವರಿ 2ರಂದು ಪಿಎಸ್ 5 ಮಾರಾಟಕ್ಕೆ ಬಂತು. ಪಿಎಸ್ 4ರ 4,000ಕ್ಕೂ ಹೆಚ್ಚು ಗೇಮ್‌ಗಳು ಅದರಲ್ಲಿ ಓಡುತ್ತವೆ. ಓಡದೇ ಉಳಿದವು ಬೆರಳೆಣಿಕೆಯಷ್ಟು. ಸ್ಟೋರಿನಲ್ಲಿ ಆ ಗೇಮ್‌ನ ಪುಟದಲ್ಲೇ ಪಿಎಸ್ 4ರಲ್ಲಿ ಮಾತ್ರ ಆಡಬಹುದು ಎಂದು ಬರೆದಿರುತ್ತದೆ. ಡಿಜಿಟಲ್ ಆಗಿ ಮಾತ್ರ ಬಂದು, ಆಮೇಲೆ ಸ್ಟೋರಿನಿಂದ ತೆಗೆದುಹಾಕಿದವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. 2014ರಲ್ಲಿ ಉಚಿತವಾಗಿ ಬಂದು 2015ರಲ್ಲಿ ಕಾಣೆಯಾದ ಪಿ.ಟಿ. ಎಂಬ ಭಯಾನಕ ಡೆಮೋ ಪಿಎಸ್ 5ರಲ್ಲಿ ಓಡುವುದಿಲ್ಲ. ನಿಮ್ಮ ಪಿಎಸ್ 4ರಲ್ಲಿ ಅದು ಇನ್ನೂ ಕೂತಿದ್ದರೆ ಮೆಷಿನ್ ಮಾರಲೇಬೇಡಿ.

ಕೊಳ್ಳುವಾಗಲೇ ಡಿಸ್ಕ್ ಡ್ರೈವ್ ನೋಡಿ. 2020ರ ಡಿಜಿಟಲ್ ಎಡಿಷನ್‌ಗೆ ಡ್ರೈವ್ ಇಲ್ಲ, ಆಮೇಲೆ ಸೇರಿಸಲೂ ಆಗುವುದಿಲ್ಲ. 2023ರ ಸ್ಲಿಮ್ ಮಾಡೆಲ್‌ನ ಡಿಜಿಟಲ್‌ಗೆ ಡ್ರೈವ್ ಬೇರೆಯಾಗಿ ಕೊಂಡು ಕೂರಿಸಬಹುದು, ಮೊದಲ ಸಲ ಜೋಡಿಸುವಾಗ ಇಂಟರ್‌ನೆಟ್ ಇರಬೇಕು ಅಷ್ಟೆ. ಮನೆಯಲ್ಲಿ ಹತ್ತಕ್ಕಿಂತ ಹೆಚ್ಚು ಪಿಎಸ್ 4 ಡಿಸ್ಕ್ ಇರುವವರು ಡ್ರೈವ್ ಇರುವುದನ್ನೇ ತೆಗೆದುಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಡಿಸ್ಕ್‌ನಿಂದ ಇನ್‌ಸ್ಟಾಲ್ ಮಾಡಿದ ಗೇಮ್ ಆಡುವಾಗಲೆಲ್ಲ ಡಿಸ್ಕ್ ಒಳಗಿರಬೇಕು. ಡಿಸ್ಕ್ ತೋರಿಸಿ ಡಿಜಿಟಲ್ ಪ್ರತಿ ಪಡೆಯುವ ವ್ಯವಸ್ಥೆ ಇಲ್ಲ.

ಇನ್ನು ಸೇವ್. ಮೂರು ದಾರಿಗಳಿವೆ.

ನಾನು ಎಲ್ಲರಿಗೂ ಮೊದಲು ಹೇಳುವುದು ಪೆನ್‌ಡ್ರೈವ್. ಖರ್ಚಿಲ್ಲ, ಪ್ರತಿ ನಿಮ್ಮ ಕಪಾಟಿನಲ್ಲೇ ಇರುತ್ತದೆ. ಪೆನ್‌ಡ್ರೈವ್ ಅನ್ನು ಎಕ್ಸ್‌ಫ್ಯಾಟ್ ಇಲ್ಲವೇ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ ಪಿಎಸ್ 4ಕ್ಕೆ ಸಿಕ್ಕಿಸಿ. ಸೆಟ್ಟಿಂಗ್ಸ್, ಅಲ್ಲಿಂದ ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್, ಅಲ್ಲಿಂದ ಸೇವ್ಡ್ ಡೇಟಾ ಇನ್ ಸಿಸ್ಟಮ್ ಸ್ಟೋರೇಜ್, ಕೊನೆಗೆ ಕಾಪಿ ಟು ಯುಎಸ್‌ಬಿ. ಎಲ್ಲ ಗೇಮ್‌ಗಳನ್ನೂ ಟಿಕ್ ಮಾಡಿ. ಪಿಎಸ್ 5ರಲ್ಲಿ ಅದೇ ಅಕೌಂಟ್‌ನಿಂದ ಒಳಗೆ ಹೋಗಿ, ಸೆಟ್ಟಿಂಗ್ಸ್‌ನ ಸೇವ್ಡ್ ಡೇಟಾ ವಿಭಾಗದಲ್ಲಿ ಪಿಎಸ್ 4 ಎಂದಿರುವುದನ್ನು ಆರಿಸಿ, ಯುಎಸ್‌ಬಿಯಿಂದ ಒಳಗೆ ಇಳಿಸಿ. ಅಕೌಂಟ್ ಬೇರೆಯಾದರೆ ಒಪ್ಪುವುದಿಲ್ಲ. ಪಿಎಸ್ 5 ಗೇಮ್‌ಗಳ ಸೇವ್‌ಗೆ ಈ ಪೆನ್‌ಡ್ರೈವ್ ಸೌಲಭ್ಯ ಇಲ್ಲವೇ ಇಲ್ಲ ಎಂಬುದು ನನಗೆ ಇವತ್ತಿಗೂ ಬೇಸರದ ಸಂಗತಿ.

ಎರಡನೆಯದು ನೇರ ವರ್ಗಾವಣೆ. ಎರಡೂ ಮೆಷಿನ್‌ಗಳನ್ನು ಒಂದೇ ವೈಫೈಗೆ ಸೇರಿಸಿ, ಒಂದೇ ಅಕೌಂಟ್ ಹಾಕಿ, ಎರಡನ್ನೂ ಅಪ್‌ಡೇಟ್ ಮಾಡಿ. ಪಿಎಸ್ 5ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸಿಸ್ಟಮ್ ಸಾಫ್ಟ್‌ವೇರ್, ಡೇಟಾ ಟ್ರಾನ್ಸ್‌ಫರ್ ಎಂದು ಹೋಗಿ. ಅದು ಕೇಳಿದಾಗ ಪಿಎಸ್ 4ರ ಪವರ್ ಬಟನ್ ಅನ್ನು ಬೀಪ್ ಬರುವವರೆಗೆ ಒತ್ತಿ ಹಿಡಿಯಬೇಕು. ಗೇಮ್‌ಗಳನ್ನೂ ಹೀಗೇ ಸಾಗಿಸುವುದಾದರೆ ಎರಡರ ನಡುವೆ ಲ್ಯಾನ್ ಕೇಬಲ್ ಹಾಕಿ, ವೈಫೈಗಿಂತ ಎಷ್ಟೋ ಬೇಗ ಮುಗಿಯುತ್ತದೆ. ಸೊಸೈಟಿಯಲ್ಲಿ ಎಲ್ಲರ ರೂಟರ್‌ಗಳೂ ಒಂದರ ಮೇಲೊಂದು ಕೂಗುವ ನಮ್ಮಂಥ ಬಿಲ್ಡಿಂಗ್‌ಗಳಲ್ಲಂತೂ ಕೇಬಲ್ಲೇ ಗತಿ.

ಮೂರನೆಯದು ಕ್ಲೌಡ್, ಅಂದರೆ ಇಂಟರ್‌ನೆಟ್ ಮೂಲಕ ಸೋನಿಯ ಸರ್ವರ್‌ನಲ್ಲಿ ಇಡುವುದು. ಅದಕ್ಕೆ ಸೋನಿಯ ಪಿಎಸ್ ಪ್ಲಸ್ ಎಂಬ ಚಂದಾ ಬೇಕು.

ಪಿಎಸ್ 4ಕ್ಕೆ ಜೋಡಿಸಿದ್ದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಅನ್ನು ಬಿಚ್ಚಿ ಪಿಎಸ್ 5ಕ್ಕೆ ಹಾಗೇ ಸಿಕ್ಕಿಸಬಹುದು, ಫಾರ್ಮ್ಯಾಟ್ ಕೇಳುವುದಿಲ್ಲ, ಪಿಎಸ್ 4 ಗೇಮ್‌ಗಳು ಅಲ್ಲಿಂದಲೇ ಓಡುತ್ತವೆ. ಪಿಎಸ್ 5 ಗೇಮ್‌ಗಳನ್ನು ಮಾತ್ರ ಅದರಲ್ಲಿ ಎತ್ತಿಡಬಹುದೇ ಹೊರತು ಆಡಲಾಗದು. ಒಳಗಿನ ಜಾಗ ಉಳಿಸಲು ಇದು ಒಳ್ಳೆಯ ದಾರಿ.

ಇನ್ನೊಂದು ತಪ್ಪನ್ನು ಪದೇ ಪದೇ ನೋಡಿದ್ದೇನೆ. ಎರಡೂ ಆವೃತ್ತಿ ಇರುವ ಗೇಮ್‌ಗಳಲ್ಲಿ ಜನ ತಿಳಿಯದೆ ತಿಂಗಳುಗಟ್ಟಲೆ ಪಿಎಸ್ 4 ಆವೃತ್ತಿಯನ್ನೇ ಆಡುತ್ತಿರುತ್ತಾರೆ. ಗೇಮ್‌ನ ಚಿತ್ರದ ಪಕ್ಕದ ಮೂರು ಚುಕ್ಕಿ ಒತ್ತಿ ಯಾವ ಆವೃತ್ತಿ ಎಂದು ನೋಡಿ. ಆದರೆ ಆವೃತ್ತಿ ಬದಲಿಸುವ ಮುಂಚೆ ಹಳೆಯ ಆವೃತ್ತಿಯ ಮೆನುವಿನೊಳಗೆ ಸೇವ್ ಅಪ್‌ಲೋಡ್ ಮಾಡುವ ಆಯ್ಕೆ ಇದೆಯೇ ಹುಡುಕಿ. ಕೆಲವು ಗೇಮ್‌ಗಳಲ್ಲಿ ಇದೆ, ಕೆಲವು ಹಳೆಯ ಸೇವ್ ಅನ್ನು ತಾವೇ ಓದುತ್ತವೆ, ಕೆಲವು ಎರಡೂ ಮಾಡುವುದಿಲ್ಲ. ಕಂಟ್ರೋಲರ್ ವಿಷಯ ಸರಳ: ಹಳೆಯ ಡ್ಯುಯಲ್‌ಶಾಕ್ 4ರಿಂದ ಪಿಎಸ್ 5ರಲ್ಲಿ ಪಿಎಸ್ 4 ಗೇಮ್ ಆಡಬಹುದು, ಪಿಎಸ್ 5 ಗೇಮ್ ಆಡಲಾಗದು.

ಪಿಎಸ್ 1, 2, 3ರ ಡಿಸ್ಕ್ ಇಟ್ಟುಕೊಂಡವರಿಗೆ

ಪಿಎಸ್ 5ರ ಡ್ರೈವ್‌ಗೆ ಸೀಡಿ ಓದಲು ಬರುವುದೇ ಇಲ್ಲ. ಪಿಎಸ್ 1 ಡಿಸ್ಕ್ ಹಾಕಿ ನೋಡುವ ಶ್ರಮವೂ ಬೇಡ. ಪಿಎಸ್ 2 ಮತ್ತು ಪಿಎಸ್ 3ರ ಡಿಸ್ಕ್‌ಗಳಿಗೂ ಅಲ್ಲಿ ಜಾಗವಿಲ್ಲ. ಇವನ್ನು ಆಡಲು ಉಳಿದ ದಾರಿಗಳು ಎರಡು.

ಮೊದಲನೆಯದು ಮತ್ತೆ ದುಡ್ಡು ಕೊಡುವುದು. 2015ರ ಕೊನೆಯಿಂದ ಕೆಲವು ಪಿಎಸ್ 2 ಗೇಮ್‌ಗಳು ಪಿಎಸ್ 4 ಸ್ಟೋರಿನಲ್ಲಿ ಸಿಗತೊಡಗಿದವು, ಅವು ಪಿಎಸ್ 5ರಲ್ಲೂ ಓಡುತ್ತವೆ. 2022ರಲ್ಲಿ ಪಿಎಸ್ ಪ್ಲಸ್ ಮೂರು ದರ್ಜೆಯಾದಾಗ ಭಾರತಕ್ಕೆ ಪ್ರೀಮಿಯಂ ಬದಲು ಡಿಲಕ್ಸ್ ಬಂತು. ಅದರಲ್ಲಿ ಪಿಎಸ್ 1, ಪಿಎಸ್ 2, ಮತ್ತೆ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಯ ಹಳೆಯ ಗೇಮ್‌ಗಳಿವೆ. ಪಿಎಸ್ 3ಯವು ಇಲ್ಲ, ಅವು ಇಂಟರ್‌ನೆಟ್ ಮೇಲೆ ಸ್ಟ್ರೀಮ್ ಆಗಿ ಮಾತ್ರ ಓಡುತ್ತವೆ, ಡಿಲಕ್ಸ್‌ನಲ್ಲಿ ಆ ಸೇವೆ ಇಲ್ಲ. ಹಿಂದೆ ಪಿಎಸ್ 3 ಅಥವಾ ಪಿಎಸ್‌ಪಿಗೆ ಡಿಜಿಟಲ್ ಆಗಿ ಕೊಂಡಿದ್ದ ಕೆಲವು ಪಿಎಸ್ 1 ಗೇಮ್‌ಗಳು ಅದೇ ಅಕೌಂಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಎರಡನೆಯದು, ನನಗೆ ಹೆಚ್ಚು ಪ್ರೀತಿಯದು, ಒಂದು ಒಳ್ಳೆಯ ಪಿಎಸ್ 3 ಹುಡುಕಿ ಇಟ್ಟುಕೊಳ್ಳುವುದು. ಪಿಎಸ್ 3ಯ ಪ್ರತಿ ಮಾಡೆಲೂ ಪಿಎಸ್ 1 ಡಿಸ್ಕ್ ಓಡಿಸುತ್ತದೆ. ಪಿಎಸ್ 2 ಡಿಸ್ಕ್ ಓಡಿಸುವ ಮಾಡೆಲ್ ಗುರುತಿಸಲು ಮುಂದೆ ಯುಎಸ್‌ಬಿ ಪೋರ್ಟ್ ಎಣಿಸಿ. ನಾಲ್ಕಿದ್ದರೆ ಅದು ಆ ಮಾಡೆಲ್, ಎರಡಿದ್ದರೆ ಅಲ್ಲ. ಹಿಂದಿನ ಚೀಟಿಯಲ್ಲಿ ಸಿಇಸಿಎಚ್ ಆದಮೇಲೆ ಬರುವ ಅಕ್ಷರ ಎ ಅಥವಾ ಬಿ ಆಗಿದ್ದರೆ ಒಳಗೆ ಪಿಎಸ್ 2ರ ಎರಡೂ ಚಿಪ್ ಇವೆ, ಸಿ ಅಥವಾ ಇ ಆಗಿದ್ದರೆ ಅರ್ಧ. ಆದರೆ ಪಿಎಸ್ 1, ಪಿಎಸ್ 2 ಗೇಮ್‌ಗಳಿಗೆ ರೀಜನ್ ಲಾಕ್ ಇದೆ, ಅದನ್ನು ಮರೆಯಬೇಡಿ. ಅಮೆರಿಕದಿಂದ ಬಂದ ಪಿಎಸ್ 3ಯಲ್ಲಿ ಇಲ್ಲಿಯ ಪಿಎಸ್ 2 ಡಿಸ್ಕ್ ಓಡದು. ಸೋನಿಯ ಮೆಮರಿ ಕಾರ್ಡ್ ಅಡಾಪ್ಟರ್ ಸಿಕ್ಕರೆ ಹಳೆಯ 8 ಎಂಬಿ ಕಾರ್ಡಿನ ಸೇವ್‌ಗಳನ್ನು ಪಿಎಸ್ 3ಯೊಳಗಿನ ವರ್ಚುವಲ್ ಕಾರ್ಡಿಗೆ ಇಳಿಸಿಕೊಳ್ಳಬಹುದು.

ಇಂಥ ಪಿಎಸ್ 3 ಸಿಗದಿದ್ದರೆ ಪಿಎಸ್ 2 ಅನ್ನೇ ಜೋಪಾನ ಮಾಡಿ. ಅದಕ್ಕೆ ನಮ್ಮದೇ ಆದ ಒಂದು ಕಾರಣವೂ ಇದೆ. 2009ರಲ್ಲಿ ಭಾರತದಲ್ಲೇ ತಯಾರಾದ 'ಹನುಮಾನ್: ಬಾಯ್ ವಾರಿಯರ್' ಪಿಎಸ್ 2ಕ್ಕೆ ಬಂತು. ನಮ್ಮ ಬೀದಿ ಆಟಗಳನ್ನು ತೆಗೆದುಕೊಂಡ 'ದೇಸಿ ಅಡ್ಡಾ' ಕೂಡ ಅದೇ ವರ್ಷದ್ದು. ಇವು ಹೊಸ ಕನ್ಸೋಲ್‌ಗಳ ಸ್ಟೋರಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ದೊಡ್ಡ ಜಪಾನಿ, ಅಮೆರಿಕನ್ ಗೇಮ್‌ಗಳನ್ನು ಯಾರಾದರೂ ಹೊಸದಾಗಿ ತಂದಾರು. ಇವನ್ನು ಉಳಿಸಬೇಕಾದವರು ನಾವೇ.

ಎಕ್ಸ್‌ಬಾಕ್ಸ್: ಇಲ್ಲಿ ಡಿಸ್ಕ್ ಬರೀ ಬೀಗದ ಕೈ

ಈ ವಿಷಯದಲ್ಲಿ ಮೈಕ್ರೋಸಾಫ್ಟ್ ಮಾಡಿದ ಕೆಲಸಕ್ಕೆ ನನಗೆ ಗೌರವವಿದೆ. ಎಕ್ಸ್‌ಬಾಕ್ಸ್ 360ರದ್ದು ಪವರ್‌ಪಿಸಿ ಜಾತಿಯ ಪ್ರಾಸೆಸರ್, ಎಕ್ಸ್‌ಬಾಕ್ಸ್ ವನ್‌ನದು ಎಕ್ಸ್86. ಸೋನಿ ಎದುರಿಸಿದ ಗೋಡೆಯೇ ಇವರಿಗೂ ಎದುರಾಗಿತ್ತು. ಇವರು ಸಾಫ್ಟ್‌ವೇರ್‌ನಲ್ಲೇ 360 ಅನ್ನು ಮರುಸೃಷ್ಟಿಸಿ, ಒಂದೊಂದೇ ಗೇಮ್ ಪರೀಕ್ಷಿಸಿ, 2015ರ ನವೆಂಬರ್ 12ರಂದು 104 ಗೇಮ್‌ಗಳೊಂದಿಗೆ ಶುರುಮಾಡಿದರು. 2017ರಲ್ಲಿ ಮೊಟ್ಟಮೊದಲ ಎಕ್ಸ್‌ಬಾಕ್ಸ್‌ನ ಗೇಮ್‌ಗಳೂ ಸೇರಿದವು. 2021ರ ನವೆಂಬರ್‌ನಲ್ಲಿ ಕೊನೆಯ ಕಂತು ಬಂತು, ಲೈಸೆನ್ಸ್ ಮತ್ತು ಕಾನೂನಿನ ತೊಡಕುಗಳಿಂದ ಇನ್ನು ಸೇರಿಸಲಾಗದು ಎಂದರು. ಈ ಎರಡು ತಲೆಮಾರಿನ 600ಕ್ಕೂ ಹೆಚ್ಚು ಗೇಮ್‌ಗಳು ಪಟ್ಟಿಯಲ್ಲಿವೆ. ನಿಮ್ಮ ಗೇಮ್ ಅದರಲ್ಲಿ ಇದೆಯೇ ಎಂಬುದನ್ನು ಮೊದಲು ನೋಡಿ.

ಎಕ್ಸ್‌ಬಾಕ್ಸ್‌ನ ಹೊಸ ಮೆಷಿನ್‌ಗಳು ಸೀರೀಸ್ ಎಕ್ಸ್ ಮತ್ತು ಸೀರೀಸ್ ಎಸ್. ಸೀರೀಸ್ ಎಕ್ಸ್‌ಗೆ 360ರ ಡಿಸ್ಕ್ ಹಾಕಿದಾಗ ಅದು ಡಿಸ್ಕ್‌ನಿಂದ ಗೇಮ್ ಓದುವುದಿಲ್ಲ. ಡಿಸ್ಕ್ ಅಸಲಿ ಎಂದು ಗುರುತಿಸಿ, ಹೊಸದಾಗಿ ಕಟ್ಟಿದ ಪ್ರತಿಯನ್ನು ಇಂಟರ್‌ನೆಟ್‌ನಿಂದ ಪೂರ್ತಿ ಇಳಿಸಿಕೊಳ್ಳುತ್ತದೆ. ಆದ್ದರಿಂದ ಇಂಟರ್‌ನೆಟ್ ಬೇಕೇ ಬೇಕು, ಆಡುವಾಗ ಡಿಸ್ಕೂ ಒಳಗಿರಬೇಕು. ಸೀರೀಸ್ ಎಸ್‌ಗೆ ಡ್ರೈವ್ ಇಲ್ಲ. ಹಳೆಯ ಡಿಸ್ಕ್ ಇದ್ದವರು ಕಮ್ಮಿ ಬೆಲೆಗೆ ಮರುಳಾಗಿ ಅದನ್ನು ತಂದು ಕೈಸುಟ್ಟುಕೊಳ್ಳಬೇಡಿ. ಮೈಯ ಚಲನೆ ನೋಡುವ ಕೈನೆಕ್ಟ್ ಕ್ಯಾಮೆರಾ ಬೇಕಾದ ಗೇಮ್‌ಗಳು ಸೀರೀಸ್ ಮೆಷಿನ್‌ಗಳಲ್ಲಿ ಓಡವು. ಎಕ್ಸ್‌ಬಾಕ್ಸ್ ವನ್‌ನ ಕಂಟ್ರೋಲರ್ ಹೊಂದುತ್ತದೆ, 360ಯದು ಹೊಂದುವುದಿಲ್ಲ.

ಸೇವ್ ಸಾಗಿಸುವುದು ಇಲ್ಲಿ ಬಹಳ ಸುಲಭ. ಎಕ್ಸ್‌ಬಾಕ್ಸ್ ವನ್‌ನಲ್ಲಿ ಆಡಿದ್ದೆಲ್ಲ ತಾನಾಗಿ ಕ್ಲೌಡ್‌ಗೆ ಹೋಗುತ್ತದೆ, ಅದಕ್ಕೆ ಚಂದಾ ಬೇಡ. 360ಯಲ್ಲಿ ಮಾತ್ರ ಕೈಯಾರೆ ಮಾಡಬೇಕು: ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಲ್ಲಿ ಕ್ಲೌಡ್ ಸೇವ್ಡ್ ಗೇಮ್ಸ್ ಆನ್ ಮಾಡಿ, ಒಳಗಿನ ಸೇವ್‌ಗಳನ್ನು ಅಲ್ಲಿಗೆ ಸಾಗಿಸಿ, ಹೊಸ ಮೆಷಿನ್‌ನಲ್ಲಿ ಅದೇ ಗೇಮರ್‌ಟ್ಯಾಗ್‌ನಿಂದ, ಅಂದರೆ ಅದೇ ಎಕ್ಸ್‌ಬಾಕ್ಸ್ ಅಕೌಂಟಿನ ಹೆಸರಿನಿಂದ, ಆಡಿ. 360ರ ಸ್ಟೋರ್ 2024ರ ಜುಲೈ 29ರಂದು ಮುಚ್ಚಿತು. ಹೊಸ ಮೆಷಿನ್‌ಗಳಲ್ಲಿ ಓಡುವ 360 ಗೇಮ್‌ಗಳು ಅಲ್ಲಿಯ ಸ್ಟೋರಿನಲ್ಲಿ ಈಗಲೂ ಮಾರಾಟಕ್ಕಿವೆ.

ನಿಂಟೆಂಡೋ, ಚುಟುಕಾಗಿ

2017ರ ಸ್ವಿಚ್‌ನಲ್ಲಿ ಅದರ ಹಿಂದಿನ ಯಾವುದೂ ಓಡುವುದಿಲ್ಲ. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಸ್ವಿಚ್‌ನ ಬಹುತೇಕ ಗೇಮ್‌ಗಳು, ಕಾರ್ಡ್ ಆಗಲಿ ಡಿಜಿಟಲ್ ಆಗಲಿ, ಓಡುತ್ತವೆ. ಕೆಲವಕ್ಕೆ ಹಳೆಯ ಜಾಯ್-ಕಾನ್, ಅಂದರೆ ಸ್ವಿಚ್‌ನ ಕಂಟ್ರೋಲರ್, ಬೇಕು, ಉದಾಹರಣೆಗೆ ರಿಂಗ್ ಫಿಟ್ ಎಂಬ ವ್ಯಾಯಾಮದ ಗೇಮ್‌ನ ರಿಂಗ್‌ಗೆ ಹೊಸ ಜಾಯ್-ಕಾನ್ ಕೂರುವುದಿಲ್ಲ. ಹಳೆಯದನ್ನು ಮಾರುವಾಗ ಜಾಯ್-ಕಾನ್ ಉಳಿಸಿಕೊಳ್ಳಿ. ಹಳೆಯ ಮೈಕ್ರೋಎಸ್‌ಡಿ ಕಾರ್ಡಿನಲ್ಲಿ ಗೇಮ್ ಇಡಲಾಗದು, ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಜಾತಿಯದೇ ಆಗಬೇಕು. ವರ್ಗಾವಣೆಯನ್ನು ಸ್ವಿಚ್ 2 ಮೊದಲ ಸಲ ಆನ್ ಮಾಡಿದಾಗಲೇ, ಎರಡೂ ಮೆಷಿನ್ ಅಕ್ಕಪಕ್ಕ ಇಟ್ಟು ಮಾಡಿ. ಸರ್ವರ್ ಮೂಲಕ ಸಾಗಿಸುವ ಆಯ್ಕೆಯಲ್ಲಿ ಹಳೆಯ ಸ್ವಿಚ್ ಪೂರ್ತಿ ಅಳಿಸಿಹೋಗುತ್ತದೆ.

ನಿಂಟೆಂಡೋದ ಹಳೆಯ ಮೆಷಿನ್‌ಗಳಾದ 3ಡಿಎಸ್, ವೀ ಯು ಇದ್ದವರಿಗೆ: ಅವುಗಳ ಸ್ಟೋರ್ 2023ರ ಮಾರ್ಚ್‌ನಲ್ಲಿ ಮುಚ್ಚಿದೆ. ಡಿಎಸ್ ಕಾರ್ಡ್‌ಗಳು 3ಡಿಎಸ್‌ನಲ್ಲಿ, ವೀ ಡಿಸ್ಕ್‌ಗಳು ವೀ ಯುನಲ್ಲಿ ಓಡುತ್ತವೆ. ಆ ಮೆಷಿನ್‌ಗಳನ್ನು ಕೈಬಿಡಬೇಡಿ.

ಮುಂಬೈ ಮಳೆ ಮತ್ತು ಡಿಸ್ಕ್

ಗೇಮ್ ಹೊಂದಿದರೂ ಡಿಸ್ಕ್ ಓದದಿದ್ದರೆ ಏನು ಬಂತು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಡಿಸ್ಕ್‌ಗೂ ಹಿಡಿಯುತ್ತದೆ. ಗೋಡೆಗೆ ತಾಗಿದ ಶೆಲ್ಫ್ ಬೇಡ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಟಿಗಳೊಂದಿಗೆ ಇಡಿ. ಒರೆಸುವಾಗ ಮೈಕ್ರೋಫೈಬರ್ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಿರಿ, ಗಾಣದ ಎತ್ತಿನಂತೆ ಸುತ್ತ ತಿರುಗಿಸಬೇಡಿ. ಸುತ್ತ ಬಿದ್ದ ಗೀರು ಒಂದೇ ಸಾಲಿನ ಮಾಹಿತಿಯನ್ನು ಉದ್ದಕ್ಕೂ ತಿನ್ನುತ್ತದೆ.

ಮಾಹಿತಿ ಎಲ್ಲಿ ಕೂತಿದೆ ಎಂದು ತಿಳಿದರೆ ಜೋಪಾನ ತಾನಾಗಿ ಬರುತ್ತದೆ. ಸೀಡಿಯಲ್ಲಿ ಅದು ಚಿತ್ರ ಅಚ್ಚಾದ ಮೇಲ್ಭಾಗದ ಅಡಿಯಲ್ಲೇ ಇದೆ, ಅಲ್ಲಿ ಗೀರಿದರೆ ರಿಪೇರಿ ಇಲ್ಲ. ಡಿವಿಡಿಯಲ್ಲಿ ಎರಡು ಪದರಗಳ ನಡುವೆ ಇದೆ. ಬ್ಲೂರೇಯಲ್ಲಿ ತಳದಿಂದ ಬರೀ 0.1 ಮಿಲಿಮೀಟರ್ ಒಳಗೆ. ಅದಕ್ಕೇ ಅದರ ಮೇಲೆ ಗಟ್ಟಿ ಲೇಪನ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ಡಿಸ್ಕ್ ಉಜ್ಜಿ ಗೀರು ತೆಗೆಯುವ ಯಂತ್ರ ಸೀಡಿ, ಡಿವಿಡಿಗೆ ಸರಿ. ಪಿಎಸ್ 3, ಪಿಎಸ್ 4ರ ಬ್ಲೂರೇ ಅದಕ್ಕೆ ಕೊಟ್ಟರೆ ಗೀರಿನ ಜೊತೆ ಗೇಮೂ ಹೋಗುತ್ತದೆ.

ಹಳೆಯ ಮೆಷಿನ್ ಇಟ್ಟುಕೊಳ್ಳುವವರಿಗೆ

ಹೊಸ ಟಿವಿಗಳಲ್ಲಿ ಹಳದಿ, ಬಿಳಿ, ಕೆಂಪು ಪಿನ್ನಿನ ತೂತೇ ಇರುವುದಿಲ್ಲ. ಪಿಎಸ್ 2ರ ಹಿಂದಿನ ಎವಿ ಸಾಕೆಟ್ ಪಿಎಸ್ 1, ಪಿಎಸ್ 3ಗಳದ್ದೇ. ಆದ್ದರಿಂದ ಪಿಎಸ್ 3ಗೆಂದು ಮಾರುವ ಕಾಂಪೊನೆಂಟ್ ಕೇಬಲ್ ಪಿಎಸ್ 2ಕ್ಕೂ ಆಗುತ್ತದೆ, ಚಿತ್ರ ಎಷ್ಟೋ ಸ್ವಚ್ಛ. ಟಿವಿಯಲ್ಲಿ ಅದೂ ಇಲ್ಲದಿದ್ದರೆ ಎಚ್‌ಡಿಎಂಐ ಕನ್ವರ್ಟರ್ ಬೇಕು. ನಾನು ದಾದರ್‌ನಲ್ಲಿ ವೆಸ್ಟರ್ನ್ ಲೈನಿಗೆ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗುತ್ತೇನೆ. ಭಾನುವಾರ ಬಹುತೇಕ ಅಂಗಡಿಗಳ ಬಾಗಿಲು ಹಾಕಿರುತ್ತದೆ, ಮೇಲೆ ರೈಲು ಹಳಿ ರಿಪೇರಿಯ ಮೆಗಾ ಬ್ಲಾಕ್ ಬೇರೆ, ಶನಿವಾರ ಹೋಗಿ. ಮೆಷಿನ್ ಜೊತೆಗೇ ಒಯ್ದು ಅಂಗಡಿಯ ಟಿವಿಯಲ್ಲಿ ಹಾಕಿ ನೋಡಿಯೇ ದುಡ್ಡು ಕೊಡಿ.

ವಿದೇಶದಿಂದ ಬಂದ ಮೆಷಿನ್ ಆದರೆ ಪ್ಲಗ್ ಹಾಕುವ ಮುಂಚೆ ಚೀಟಿಯಲ್ಲಿ ಇನ್‌ಪುಟ್ ಎಂದಿರುವ ಸಾಲು ಓದಿ. 100–240 ವೋಲ್ಟ್ ಎಂದಿದ್ದರೆ ಸರಿ. ಅಮೆರಿಕದ ದಪ್ಪ ಪಿಎಸ್ 2ರಲ್ಲಿ 120 ವೋಲ್ಟ್ ಎಂದಿರುತ್ತದೆ. ನಮ್ಮ 230 ವೋಲ್ಟ್‌ಗೆ ಸಿಕ್ಕಿಸಿದರೆ ಆ ಕ್ಷಣಕ್ಕೇ ಸುಡುತ್ತದೆ. ನಡುವೆ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು.

ಮಾರುವ ದಿನ

15 ದಿನ ಕಳೆದ ಮೇಲೆ ನೋಟ್‌ಬುಕ್ ತೆಗೆಯಿರಿ. ಪ್ರತಿ ಗೇಮನ್ನೂ ಹೊಸ ಮೆಷಿನ್‌ನಲ್ಲಿ ತೆರೆದು, ಬರೀ ಮೆನು ನೋಡಿ ಬಿಡದೆ, ಹಳೆಯ ಸೇವ್ ಲೋಡ್ ಮಾಡಿ ಎರಡು ನಿಮಿಷ ಆಡಿ, ಟಿಕ್ ಹಾಕಿ. ಮನೆಯಲ್ಲಿ ತಂಗಿ, ಮಗ, ಅಪ್ಪ ಯಾರದಾದರೂ ಬೇರೆ ಅಕೌಂಟ್ ಇದ್ದರೆ ಅವರ ಸೇವ್ ಬೇರೆಯಾಗಿ ಸಾಗಿಸಬೇಕು, ನಿಮ್ಮದರ ಜೊತೆ ಬರುವುದಿಲ್ಲ.

ಎಲ್ಲಕ್ಕೂ ಟಿಕ್ ಬಿದ್ದ ಮೇಲೆ ಪಿಎಸ್ 4ರಲ್ಲಿ ಅಕೌಂಟ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಪ್ರೈಮರಿ ಎಂಬುದನ್ನು ಡೀಆಕ್ಟಿವೇಟ್ ಮಾಡಿ. ಎಜೆಕ್ಟ್ ಬಟನ್ ಒತ್ತಿ, ಎಷ್ಟೋ ಸಲ ಒಳಗೊಂದು ಡಿಸ್ಕ್ ಕೂತೇ ಇರುತ್ತದೆ. ಆಮೇಲೆ ಇನಿಶಿಯಲೈಸೇಶನ್‌ನಲ್ಲಿ ಫುಲ್ ಆರಿಸಿ. ಕೆಲವು ಗಂಟೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಎಕ್ಸ್‌ಬಾಕ್ಸ್‌ನಲ್ಲಿ ಸಿಸ್ಟಮ್, ಕನ್ಸೋಲ್ ಇನ್ಫೋ, ರೀಸೆಟ್, ಅಲ್ಲಿ ಎಲ್ಲವನ್ನೂ ತೆಗೆಯುವ ಆಯ್ಕೆ. ಸೇವ್ ಇರುವ ಪೆನ್‌ಡ್ರೈವ್ ಮೇಲೆ ಹೆಸರು, ತಾರೀಕು ಬರೆದು ಡಿಸ್ಕ್‌ಗಳ ಡಬ್ಬಿಯಲ್ಲೇ ಇಡಿ, ಬೇರೆ ಕೆಲಸಕ್ಕೆ ಬಳಸಬೇಡಿ. ಬೆಳಿಗ್ಗೆ ಮೆಷಿನ್ ಹೊಸದರಂತೆ ಭಾಷೆ ಆರಿಸಲು ಕೇಳಿದರೆ ಚೀಲಕ್ಕೆ ಹಾಕಿಕೊಂಡು ಹೊರಡಬಹುದು.